ಬಾರದ ಮಕ್ಕಳಿಗೆ ಮೊಟ್ಟೆ ಚಾಕಲೇಟು

ಮೇ 12, ಸೋಮವಾರ

ರಜೆಯಲ್ಲಿ ಕರೆಸಿ ಸ್ಟಾಫ್ ಮೀಟಿಂಗ್ ಮಾಡಿದರು. ವಿಷಯ: ಐದು ವರ್ಷದ ಮಕ್ಕಳಿಗೆ ಎಷ್ಟು ರೂಪಾಯಿಯ ತಿಂಡಿ ಕೊಡಬೇಕು? ಐದು ಮಂದಿ ದೊಡ್ಡವರು ಫ್ಯಾನಿನ ಕೆಳಗೆ ಕೂತು ಎರಡು ಗಂಟೆ ಹೊತ್ತು ಗಂಭೀರವಾಗಿ ಇದನ್ನೇ ಮಾತಾಡಿದೆವು. ಇಪ್ಪತ್ತಾರು ವರ್ಷ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ್ದಕ್ಕೆ ನನಗೆ ಸಿಕ್ಕಿದ ಬಡ್ತಿ ಎಂದರೆ ಮಿಠಾಯಿ ಕಮಿಟಿಯ ಮೆಂಬರ್ ಆದದ್ದು. ಬರೆಯಲಿಕ್ಕೂ ನಾಚಿಕೆಯಾಗುತ್ತದೆ.

ಸುತ್ತಿನ ಮೂರು ವಾರ್ಡುಗಳಲ್ಲಿ ಒಂದನೇ ತರಗತಿಯ ಪ್ರಾಯವಾಗಿ, ಇಂಗ್ಲಿಷ್ ಮೀಡಿಯಮ್ಮಿನ ಹಳದಿ ವ್ಯಾನು ಇನ್ನೂ ಎತ್ತಿಕೊಂಡು ಹೋಗದ ಮಕ್ಕಳು ಮೂವತ್ತೊಂದು. ಸರಿಯಾಗಿ ಮೂವತ್ತೊಂದು. ಜೂನಿನಲ್ಲಿ ಶಾಲೆ ತೆರೆದ ಆರನೇ ದಿನ ತಲೆ ಲೆಕ್ಕ ಮೇಲಿನ ಆಫೀಸಿಗೆ ಹೋಗಬೇಕು. ಮೂವತ್ತಿದ್ದರೆ ಒಂದನೇ ತರಗತಿಗೆ ಒಂದೇ ಡಿವಿಷನ್, ಒಬ್ಬರೇ ಟೀಚರ್. ಮೂವತ್ತೊಂದಾದರೆ ಎರಡು ಡಿವಿಷನ್, ಇಬ್ಬರು. ಆ ಎರಡನೆಯವಳು ವಿಜೇತಾ. ಮೂರು ವರ್ಷದಿಂದ ನನ್ನ ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದಾಳೆ, ನೇಮಕಾತಿಯ ಕಾಗದ ಇನ್ನೂ ಪಾಸಾಗಿಲ್ಲ. ಒಂದು ತಲೆ ಕಡಿಮೆ ಬಿದ್ದರೆ ಅವಳು ಚೀಲ ಕಟ್ಟಿಕೊಂಡು ಮನೆಗೆ ಹೋಗಬೇಕು.

ಅವಳು ಮುನ್ನೂರು ರೂಪಾಯಿಯ ಒಂದೊಂದು ಪೊಟ್ಟಣ ಮೂವತ್ತೊಂದು ಮಕ್ಕಳಿಗೂ ಕೊಡುವ ಎಂದಳು. ಬೇಕಾದರೆ ತನ್ನ ಬಳೆ ಅಡವಿಡುತ್ತಾಳಂತೆ. ಕೇಳಿ ನನ್ನ ಪಿತ್ತ ಕೆರಳಿತು. ಮಕ್ಕಳೇನು ಗಾಳಕ್ಕೆ ಬೀಳುವ ಮೀನುಗಳೇ? ನಮ್ಮ ಕಾಲದಲ್ಲಿ ಪ್ರವೇಶೋತ್ಸವಕ್ಕೆ ಒಂದು ನಿಂಬೆ ಮಿಠಾಯಿ ಕೊಟ್ಟರೆ ವರ್ಷವಿಡೀ ನೆನಪಿರುತ್ತಿತ್ತು. ಅದನ್ನೇ ಹೇಳಿದೆ. ಹೆಡ್‌ಮಾಷ್ಟ್ರು ಗಣೇಶಪ್ರಸಾದರು ತಲೆ ಕೆರೆದುಕೊಂಡರು.

"ದಮಯಂತಿ ಟೀಚರ್, ನಿಂಬೆ ಮಿಠಾಯಿಗೆ ಈಗ ನಾಯಿಯೂ ಬಾಲ ಅಲ್ಲಾಡಿಸುದಿಲ್ಲ. ಎಂತಾದ್ರೂ ದಾರಿ ಹೇಳಿ."

ಕೊನೆಗೆ ನಾನೇ ದಾರಿ ಹೇಳಿದೆ. "ಬರುವವರು ಹೇಗೂ ಬರ್ತಾರೆ. ಅವರಿಗೆ ಎಂತಕ್ಕೆ ಖರ್ಚು? ಒಂದೊಂದು ಮಿಠಾಯಿ ಸಾಕು. ಬರುದಾ ಬೇಡವಾ ಅಂತ ಕೂತಿದ್ದಾರಲ್ಲ, ಅವರ ಮನೆಗೆ ಮಾತ್ರ ಪೊಟ್ಟಣ ಕೊಂಡುಹೋಗುವ."

ಎಲ್ಲರೂ ಒಪ್ಪಿದರು. ಹೇಗೂ ಬರುವವರು ಇಪ್ಪತ್ತು, ಅನುಮಾನದವರು ಹನ್ನೊಂದು. ಖರ್ಚು ಮೂರನೇ ಒಂದು ಪಾಲಿಗೆ ಇಳಿಯಿತು. ಇಷ್ಟು ಸಣ್ಣ ವಿಷಯ ಈ ಜನರಿಗೆ ಹೊಳೆಯಲಿಲ್ಲ.

ಮೇ 14, ಬುಧವಾರ

ಶಾಲೆಯಲ್ಲಿ ಕೂತಿದ್ದಾಗ ಅಮ್ಮಣಿಯಕ್ಕ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಯಾರೂ ಕರೆದದ್ದಲ್ಲ, ಮನೆಗೆ ಹೋಗಿ ಕಾಲು ಹಿಡಿದದ್ದೂ ಅಲ್ಲ. ಜನನ ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು. ಮಗುವಿನ ತಾಯಿಗೆ ಉಪ್ಪಳದ ಬಟ್ಟೆ ಅಂಗಡಿಯಲ್ಲಿ ಕೆಲಸ, ರಜೆ ಸಿಗುವುದಿಲ್ಲವಂತೆ. ಹೆಸರು ಭವ್ಯಶ್ರೀ. ರಿಜಿಸ್ಟರಿನಲ್ಲಿ ಒಂದನೇ ನಂಬರು.

ನಾನು ಬರೆಯುತ್ತಿದ್ದಾಗ ಮಗು ಖಾಲಿ ಕ್ಲಾಸಿಗೆ ಹೋಗಿ ಎಲ್ಲ ಬೆಂಚುಗಳಲ್ಲೂ ಒಂದೊಂದು ಸಲ ಕೂತು ನೋಡಿತು. ಕಿಟಕಿಯ ಹತ್ತಿರದ ಬೆಂಚು ತನಗೆ ಬೇಕು ಎಂದಿತು. ಆಗಲಿ ಎಂದೆ. ಇದರ ಚಿಂತೆ ಇಲ್ಲ.

ಮೇ 17, ಶನಿವಾರ

ವಿಜೇತಾಳ ಜತೆ ಉಪ್ಪಳದ ಬೇಕರಿಗೆ ಹೋಗಿದ್ದೆ. ಈಗಿನ ಮಕ್ಕಳಿಗೆ ಬೇಕಾದದ್ದು ಮೊಟ್ಟೆ ಚಾಕಲೇಟಂತೆ. ಹೊರಗೆ ಪ್ಲಾಸ್ಟಿಕ್ಕಿನ ಚಿಪ್ಪು. ಒಡೆದರೆ ಒಂದು ಕಡೆ ಎರಡು ಚಮಚದಷ್ಟು ಕಂದು ಲೇಹ್ಯ, ಇನ್ನೊಂದು ಕಡೆ ಒಂದು ಆಟಿಕೆ, ಆ ಆಟಿಕೆಯನ್ನು ಸುತ್ತಿ ಮತ್ತೆ ಪ್ಲಾಸ್ಟಿಕ್ಕಿನ ತೊಟ್ಟೆ. ಐವತ್ತು ರೂಪಾಯಿ. ಅಂಗಡಿಯವನು ಒಂದನ್ನು ಒಡೆದು ರುಚಿ ನೋಡಲು ಕೊಟ್ಟ. ನಾಲಗೆಗೆ ಮೇಣ ಸವರಿದ ಹಾಗಾಯಿತು. ಮನೆಗೆ ಬಂದು ಎರಡು ಸಲ ಬಾಯಿ ಮುಕ್ಕಳಿಸಿದೆ.

ಒಂದು ಪೊಟ್ಟಣದಲ್ಲಿ ಎರಡು ಮೊಟ್ಟೆ, ಒಂದು ಕ್ರೀಮ್ ಬಿಸ್ಕತ್ತು, ಬಣ್ಣದ ಪೆನ್ಸಿಲು, ಒಂದು ಪ್ಲಾಸ್ಟಿಕ್ ವಾಚು. ವಾಚು ಓಡುವುದಿಲ್ಲ. ಓಡುವುದು ಬೇಕು ಎಂದು ಯಾರೂ ಕೇಳುವುದೂ ಇಲ್ಲ.

ಮೇ 20, ಮಂಗಳವಾರ

ಪೊಟ್ಟಣ ಹಿಡಿದುಕೊಂಡು ಮನೆ ಮನೆ ಸುತ್ತಿದೆವು. ವೋಟು ಕೇಳುವವರಾದರೂ ಐದು ವರ್ಷಕ್ಕೊಮ್ಮೆ ಹಲ್ಲು ಕಿರಿಯುತ್ತಾರೆ, ನಾವು ವರ್ಷ ವರ್ಷವೂ ಕಿರಿಯಬೇಕು.

ಅನ್ನಪೂರ್ಣೇಶ್ವರಿ ಅಮ್ಮನ ಮನೆಯಲ್ಲಿ ಮೊಮ್ಮಗ ಪೊಟ್ಟಣ ಬಿಚ್ಚಿ "ಮೊಟ್ಟೆ! ಮೊಟ್ಟೆ!" ಎಂದು ಕುಣಿದದ್ದೇ ತಡ, ಅವರು ಪೂಜೆಯ ಕೋಣೆಯಿಂದ ಓಡಿ ಬಂದರು. "ಟೀಚರೇ, ನಮ್ಮಲ್ಲಿ ಮೊಟ್ಟೆ ಆಗುದಿಲ್ಲ ಅಂತ ನಿಮಗೆ ಗೊತ್ತಿಲ್ವಾ?" ಎಂದು ನನ್ನನ್ನು ಜಗಲಿಯಿಂದ ಇಳಿಸುವುದೊಂದು ಬಾಕಿ. ಇದು ಬರೀ ಚಾಕಲೇಟು ಎಂದು ಆಣೆ ಪ್ರಮಾಣ ಮಾಡಬೇಕಾಯಿತು. ಅಷ್ಟರಲ್ಲಿ ಮೊಮ್ಮಗ ಎರಡೂ ಮೊಟ್ಟೆ ನೆಕ್ಕಿ ಮುಗಿಸಿ ಕೈಯನ್ನು ನನ್ನ ಸೀರೆಗೆ ಒರಸಿದ. ಹೊಸ ಹತ್ತಿ ಸೀರೆ. ಕಲೆ ಹೋಗಲಿಲ್ಲ.

ಪ್ರವೀತನ ತಾಯಿ ದೀಪ್ತಿಯ ಮನೆಯಲ್ಲಿ ಇನ್ನೂ ಚಂದ. ಆಕೆ ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡಿದಳು.

"ಆ ಇಂಗ್ಲಿಷ್ ಶಾಲೆಯವರು ಬ್ಯಾಗು, ನೀರಿನ ಬಾಟ್ಲಿ, ಬೂಟು ಕೊಡ್ತಾರಂತೆ ಟೀಚರ್. ನಿಮ್ಮದು ಇಷ್ಟೇನಾ?"

ನಾನು ಕಲಿಸಿದ ಹುಡುಗಿ ಅದು. ಎರಡನೇ ತರಗತಿಯಲ್ಲಿ ಮಗ್ಗಿ ಬಾರದೆ ಅಳುತ್ತಿತ್ತು. ಈಗ ವ್ಯಾಪಾರ ಚೆನ್ನಾಗಿ ಬರುತ್ತದೆ.

ಮೇ 28, ಬುಧವಾರ

ಪ್ರವೀತನಿಗೆ ರಿಮೋಟ್ ಕಾರು ಬೇಕಂತೆ. ಕೊಟ್ಟರೆ ನಮ್ಮಲ್ಲಿಗೆ, ಇಲ್ಲದಿದ್ದರೆ ಹಳದಿ ವ್ಯಾನಿಗೆ. ಕೇಳಿ ವಿಜೇತಾ ನನ್ನ ಮುಖವನ್ನೇ ನೋಡಿದಳು. ಅವಳ ಕೈಯಲ್ಲಿ ಬಳೆ ಇರಲಿಲ್ಲ.

ನಾನೇ ದುಡ್ಡು ಕೊಟ್ಟು ತೆಗೆದೆ. ಎಂಟುನೂರ ಐವತ್ತು. ಒಂದೇ ಒಂದು, ಕೆಲಸ ಮುಗಿಯಲಿ ಎಂದು. ಮನೆಯಲ್ಲಿ ಅದನ್ನು ನೋಡಿ ಇವರು ನಕ್ಕದ್ದೇ ನಕ್ಕದ್ದು.

"ಎಂತ ಮಾರಾಯ್ತಿ, ನಮ್ಮ ಮಗಳು ರಮ್ಯಶ್ರೀಗೆ ಜಾತ್ರೆಯಲ್ಲಿ ಒಂದು ಬಲೂನು ಸಹ ತೆಗೆದುಕೊಟ್ಟವಳಲ್ಲ ನೀನು. ಮಕ್ಕಳು ಹಾಳಾಗ್ತಾರೆ ಅಂತ ಹೇಳ್ತಿದ್ದಿ. ಈಗ ರಿಮೋಟ್ ಕಾರಾ?"

"ಅದು ಮನೆ, ಇದು ಡ್ಯೂಟಿ," ಎಂದೆ. ಇವರು ಕಾರನ್ನು ಅಡುಗೆಮನೆಯವರೆಗೆ ಓಡಿಸಿ ಬ್ಯಾಟರಿ ಖಾಲಿ ಮಾಡಿದರು. ಅರುವತ್ತರ ಗಂಡಸಿಗೂ ಇದೇ ಬೇಕು ಎಂದಾದರೆ ಮಕ್ಕಳನ್ನು ಹೇಳಿ ಏನು ಪ್ರಯೋಜನ.

ಜೂನ್ 2, ಸೋಮವಾರ

ಪ್ರವೇಶೋತ್ಸವ. ಬಲೂನು, ಭಾಷಣ, ಮಳೆ. ಬಂದವರು ಇಪ್ಪತ್ತೇಳು. ಎಲ್ಲರ ಕೈಗೂ ಒಂದೊಂದು ನಿಂಬೆ ಮಿಠಾಯಿ ಕೊಟ್ಟೆ. ಅರ್ಧಕ್ಕರ್ಧ ಮಕ್ಕಳು ಒಂದು ಸಲ ಚೀಪಿ ನೆಲಕ್ಕೆ ಉಗಿದವು. ಹನ್ನೊಂದು ಗಂಟೆಗೆ ಕ್ಲಾಸಿನ ತುಂಬ ಇರುವೆ.

ಪೊಟ್ಟಣ ಸಿಕ್ಕಿದವರೆಲ್ಲ ವಾಚು ಕಟ್ಟಿಕೊಂಡು, ಮೊಟ್ಟೆಯ ಒಳಗಿನ ಆಟಿಕೆ ಹಿಡಿದುಕೊಂಡು ಬಂದಿದ್ದರು. ಕೊಡಬೇಡಿ, ಮನೆಯಲ್ಲೇ ಇಡಿ ಎಂದು ತಾಯಂದಿರಿಗೆ ಸಾವಿರ ಸಲ ಹೇಳಿದ್ದೆ. ಯಾರು ಕೇಳುತ್ತಾರೆ. ಉಳಿದ ಮಕ್ಕಳು ಅವರ ಸುತ್ತ ಗುಂಪು ಕಟ್ಟಿದವು.

ಊಟದ ಹೊತ್ತಿಗೆ ಭವ್ಯಶ್ರೀ ಅಂಗಳದ ಕೆಸರಿನಿಂದ ಒಂದು ಮೊಟ್ಟೆಯ ಚಿಪ್ಪು ಹೆಕ್ಕಿ ಮೂಗಿನ ಹತ್ತಿರ ಹಿಡಿದು ಮೂಸುತ್ತಿತ್ತು. ನೆಕ್ಕಿತೋ ಏನೋ. "ಛೀ, ಹೇಸಿಗೆ! ಬಿಸಾಡು," ಎಂದು ಕೈಗೊಂದು ಪೆಟ್ಟು ಕೊಟ್ಟೆ. ಬಿಸಾಡಿತು. ಅಳಲಿಲ್ಲ. ಕೈ ತೊಳೆದು ಬಂದು ತೋರಿಸಿತು.

ಜೂನ್ 3, ಮಂಗಳವಾರ

ಇಪ್ಪತ್ತೆಂಟು. ಬಾರದ ಮೂವರ ಮನೆಗೂ ಶಾಲೆ ಬಿಟ್ಟ ಮೇಲೆ ಹೋದೆ, ತಲಾ ಒಂದು ಮೊಟ್ಟೆ ಹಿಡಿದು. ಒಬ್ಬನಿಗೆ ಹೊಟ್ಟೆನೋವಂತೆ, ಮೊಟ್ಟೆ ಕಂಡದ್ದೇ ಮಾಯವಾಯಿತು. ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು ಎಂದು ಲೆಕ್ಕ ಹಾಕುತ್ತಾ ಬಸ್ಸಿಗೆ ಕಾದೆ. ಮಂಡಿ ನೋವು.

ಜೂನ್ 4, ಬುಧವಾರ

ಮೂವತ್ತು. ಪ್ರವೀತ ಬಂದಿಲ್ಲ, ಕಾರಿನ ಬ್ಯಾಟರಿ ಮುಗಿದಿದೆ. ಬ್ಯಾಟರಿಯನ್ನೂ ಒಂದು ಮೊಟ್ಟೆಯನ್ನೂ ಕೊಟ್ಟು ಬಂದೆ. ದೀಪ್ತಿ ಚಾ ಕೊಟ್ಟಳು, ಕುಡಿಯಲಿಲ್ಲ.

ಇಂದು ಕ್ಲಾಸಿನಲ್ಲಿ ಭವ್ಯಶ್ರೀ ಹತ್ತಿರ ಬಂದು, "ಟೀಚರ್, ನಿಮಗೆ ಪ್ರವೀತನ ಮನೆ ಗೊತ್ತುಂಟಲ್ವಾ?" ಎಂದು ಕೇಳಿತು.

"ಉಂಟು."

"ನಮ್ಮ ಮನೆ ಗೊತ್ತುಂಟಾ?"

"ಗೊತ್ತಿಲ್ಲದೆ ಎಂತ. ಹೋಗಿ ಕೂತುಕೋ."

ಹೋಗಲಿಲ್ಲ. ಪಂಚಾಯತು ಬಾವಿಯ ಹತ್ತಿರ ಎಡಕ್ಕೆ ತಿರುಗಬೇಕು, ಅಲ್ಲಿ ಒಂದು ನಾಯಿ ಉಂಟು, ಅದು ಕಚ್ಚುವುದಿಲ್ಲ, ಆಮೇಲೆ ನೀಲಿ ಗೇಟು ಎಂದು ಪೂರ್ತಿ ದಾರಿ ಹೇಳಿತು. ಎರಡೆರಡು ಸಲ. ಬಾಯಿ ಮುಚ್ಚಿಸುವಷ್ಟರಲ್ಲಿ ಸಾಕಾಯಿತು. ಇಷ್ಟು ಮಾತಾಡುವ ಮಗು ಅಕ್ಷರ ಬರೆಯಲು ಕೂತರೆ ಪೆನ್ಸಿಲು ಕಚ್ಚುತ್ತದೆ.

ಜೂನ್ 5, ಗುರುವಾರ

ಮೂವತ್ತೊಂದು! ವಿಜೇತಾ ಮೂರು ಸಲ ಎಣಿಸಿದಳು. ಇನ್ನು ಬಕ್ರೀದ್ ರಜೆ, ಶನಿವಾರ, ಆದಿತ್ಯವಾರ. ಮೂರು ದಿನ ಯಾರೂ ಜ್ವರ ಹಿಡಿಸಿಕೊಳ್ಳದಿದ್ದರೆ ಸಾಕು.

ಜೂನ್ 9, ಸೋಮವಾರ

ಐದನೇ ದಿನ. ಮೂವತ್ತು. ಬಾರದವಳು ಭವ್ಯಶ್ರೀ. ಜ್ವರ ಇರಬೇಕು. ನಾಳೆ ಬರುತ್ತದೆ, ಅದು ಬರುವ ಮಗು.

ನನ್ನ ಚಿಂತೆ ಪ್ರವೀತನದ್ದು. ಶಾಲೆ ಬಿಟ್ಟ ಮೇಲೆ ಅವನ ಮನೆಗೆ ಹೋಗಿ, ನಾಳೆ ಬಂದರೆ ಎರಡು ಮೊಟ್ಟೆ ಎಂದು ಒಪ್ಪಂದ ಮಾಡಿಕೊಂಡು ಬಂದೆ. "ಮೂರು," ಎಂದ. ಮೂರಕ್ಕೆ ಒಪ್ಪಿದೆ. ಇವನ ತಾಯಿ ಇವನನ್ನು ಏನು ಮಾಡಲು ಹೊರಟಿದ್ದಾಳೋ. ಕಪಾಟಿನಲ್ಲಿದ್ದ ಮೊಟ್ಟೆಗಳು ಅಲ್ಲಿಗೆ ಖಾಲಿ.

ಜೂನ್ 10, ಮಂಗಳವಾರ

ಎಲ್ಲವನ್ನೂ ಬರೆಯಬೇಕು. ಬರೆಯದಿದ್ದರೆ ನಾಳೆ ಇದನ್ನು ನನಗೆ ಬೇಕಾದ ಹಾಗೆ ನೆನಪಿಟ್ಟುಕೊಳ್ಳುತ್ತೇನೆ.

ಹತ್ತು ಗಂಟೆಗೆ ಮೂವತ್ತು. ಪ್ರವೀತ ಬಂದಿದ್ದ, ಮೂರು ಮೊಟ್ಟೆಯೂ ಅವನ ಹೊಟ್ಟೆಯಲ್ಲಿತ್ತು. ಭವ್ಯಶ್ರೀ ಇರಲಿಲ್ಲ. ಹನ್ನೆರಡಕ್ಕೆ ಲೆಕ್ಕ ಮೇಲೆ ಹೋಗಬೇಕು. ವಿಜೇತಾ ಬ್ಲ್ಯಾಕ್‌ಬೋರ್ಡಿನ ಮುಂದೆ ಚಾಕ್ ಹಿಡಿದು ನಿಂತಿದ್ದಳು, ಒಂದು ಅಕ್ಷರ ಬರೆಯಲಾಗುತ್ತಿರಲಿಲ್ಲ. ಹೆಡ್‌ಮಾಷ್ಟ್ರು, "ಟೀಚರ್, ನೀವೇ ಒಮ್ಮೆ ಹೋಗಿ ಬನ್ನಿ," ಎಂದು ರಿಕ್ಷಾ ಕರೆಸಿದರು.

ಬಾವಿಯ ಹತ್ತಿರ ಎಡಕ್ಕೆ ತಿರುಗಿದೆ. ನಾಯಿ ಇತ್ತು, ಕಚ್ಚಲಿಲ್ಲ.

ಮಗು ಜಗಲಿಯಲ್ಲಿ ಕೂತಿತ್ತು. ಜ್ವರವೂ ಇಲ್ಲ, ಶೀತವೂ ಇಲ್ಲ. ತಲೆ ಬಾಚಿ ಎರಡು ರಿಬ್ಬನ್ ಕಟ್ಟಿ, ಒಗೆದ ಅಂಗಿ ಹಾಕಿ, ನನಗಾಗಿ ಒಂದು ಕುರ್ಚಿ ಒರಸಿ ಇಟ್ಟಿತ್ತು. ನನ್ನನ್ನು ಕಂಡದ್ದೇ ಒಳಗೆ ಓಡಿತು. "ಅಜ್ಜೀ, ಟೀಚರ್ ಬಂದ್ರು! ನಾನು ಹೇಳಿದ್ದಲ್ವಾ?"

ಅಮ್ಮಣಿಯಕ್ಕ ಕೈ ಒರಸಿಕೊಳ್ಳುತ್ತಾ ಹೊರಗೆ ಬಂದರು.

"ಶಾಲೆಗೆ ಹೋಗು ಅಂದ್ರೆ ಕೇಳುದೇ ಇಲ್ಲ ಟೀಚರೇ. ಹೋಗದ ಮಕ್ಕಳ ಮನೆಗೆ ಟೀಚರ್ ಬರ್ತಾರಂತೆ, ಮೊಟ್ಟೆ ಚಾಕ್ಲೇಟು ತರ್ತಾರಂತೆ. ಎಲ್ಲರಿಗೂ ತಂದಾಯ್ತಂತೆ, ಇನ್ನು ಇದರದ್ದೇ ಸರದಿಯಂತೆ. ನಿನ್ನೆ ಸಂಜೆವರೆಗೆ ಇಲ್ಲಿಯೇ ಕೂತದ್ದು. ನಿಮಗೆ ದಾರಿ ತಪ್ಪಿರಬೇಕು ಅಂತ ಹೇಳ್ತಿತ್ತು."

ಮಗು ನನ್ನ ಒಂದು ಕೈ ನೋಡಿತು. ಇನ್ನೊಂದು ಕೈ ನೋಡಿತು. ಆಮೇಲೆ ನಿಧಾನವಾಗಿ ನನ್ನ ಬೆನ್ನ ಹಿಂದೆ ಬಗ್ಗಿ ನೋಡಿತು.

"ಮತ್ತೆ ಕೊಡ್ತೇನೆ ಮಗಾ. ಈಗ ಶಾಲೆಗೆ ಬಾ, ಹೊತ್ತಾಯ್ತು," ಎಂದೆ.

"ಬಂದ್ರೆ ನೀವು ಕೊಡುದಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಹಟವೂ ಇರಲಿಲ್ಲ. ನನಗೆ ತಿಳಿಯದ ಒಂದು ವಿಷಯವನ್ನು ಮೆಲ್ಲನೆ ತಿಳಿಸಿಕೊಟ್ಟಿತು, ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಯಾವ ಮಗುವೂ ನನ್ನಿಂದ ಇಷ್ಟು ಬೇಗ, ಇಷ್ಟು ಸರಿಯಾಗಿ ಒಂದು ಪಾಠ ಕಲಿತದ್ದಿಲ್ಲ.

ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ತು. ರಿಕ್ಷಾದವನು ಹಾರ್ನ್ ಹೊಡೆದ.

"ಉಂಟು ಮಗಾ, ನಿನಗೂ ಉಂಟು. ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೇನೆ. ನಿನ್ನ ಹೆಸರು ಬರೆದು ಇಟ್ಟದ್ದು," ಎಂದುಬಿಟ್ಟೆ.

ಹೆಸರು ಬರೆದ ವಿಷಯ ಯಾಕೆ ಹೇಳಿದೆ? ಅದು ಬೇಕಿರಲಿಲ್ಲ. ಅಷ್ಟು ಹೇಳದಿದ್ದರೂ ಬರುತ್ತಿತ್ತು. ರಿಕ್ಷಾದಲ್ಲಿ ದಾರಿಯುದ್ದಕ್ಕೂ, ದೊಡ್ಡ ಅಕ್ಷರದಲ್ಲಿ ಬರೆದದ್ದಾ ಸಣ್ಣ ಅಕ್ಷರದಲ್ಲಾ ಎಂದು ಕೇಳುತ್ತಿತ್ತು. ದೊಡ್ಡದರಲ್ಲಿ ಎಂದೆ.

ಹನ್ನೊಂದು ಐವತ್ತಕ್ಕೆ ಮೂವತ್ತೊಂದು. ಹೆಡ್‌ಮಾಷ್ಟ್ರು ಲೆಕ್ಕ ಕಳುಹಿಸಿದರು. ವಿಜೇತಾ ನನ್ನನ್ನು ಅಪ್ಪಿಕೊಂಡು ಅತ್ತಳು. "ನಿಮ್ಮಿಂದ ನನ್ನ ಕೆಲಸ ಉಳೀತು ಟೀಚರ್. ನಿಮ್ಮ ಋಣ ಹೇಗೆ ತೀರಿಸ್ಲಿ?" ಎಂದಳು. ಯಾರೋ ಲಡ್ಡು ತರಿಸಿದರು. ಲಡ್ಡು ಬಾಯಿಗೆ ಹಾಕಿದ್ದೆ, ಅಷ್ಟರಲ್ಲಿ ಸ್ಟಾಫ್‌ರೂಮಿನ ಬಾಗಿಲಲ್ಲಿ ಭವ್ಯಶ್ರೀ.

"ಟೀಚರ್, ಎಲ್ಲಿ ಉಂಟು?"

"ಈಗ ಪುರುಸೊತ್ತಿಲ್ಲ ಮಗಾ, ಹುಡುಕಬೇಕು. ಹೋಗಿ ಕೂತುಕೋ," ಎಂದೆ. ಬಾಯಲ್ಲಿ ಲಡ್ಡು ಇಟ್ಟುಕೊಂಡೇ ಹೇಳಿದೆ. ಹೋಯಿತು. ಆಮೇಲೆ ಕೇಳಲಿಲ್ಲ.

ಲಡ್ಡನ್ನು ಉಗಿಯಲಿಲ್ಲ. ತಿಂದೆ. ಅದನ್ನೂ ಬರೆದಿಡುತ್ತೇನೆ.

ಜೂನ್ 11, ಬುಧವಾರ

ಏಳನೇ ದಿನ. ಇನ್ನು ಯಾರು ಬಂದರೂ ಬಾರದಿದ್ದರೂ ಯಾರ ಗಂಟೂ ಹೋಗುವುದಿಲ್ಲ, ಯಾರ ಮನೆಗೂ ಯಾರೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಇವರು ಸ್ಕೂಟರಿನಲ್ಲಿ ಉಪ್ಪಳದವರೆಗೆ ಬಿಟ್ಟರು. ಬೇಕರಿಯವನು ಬಾಗಿಲು ತೆರೆಯುವುದನ್ನು ಕಾದು ಮೊಟ್ಟೆ ತೆಗೆದೆ. ಎಷ್ಟು ಎಂದು ಕೇಳಿದ. ಒಂದು ಕೊಟ್ಟರೆ ಸಾಕೇ, ಆರು ದಿನಕ್ಕೆ ಆರು ಕೊಡಬೇಕೇ, ಹೊಡೆದದ್ದಕ್ಕೆ ಬೇರೆ ಕೊಡಬೇಕೇ? ಕೈಗೆ ಬಂದಷ್ಟು ತೆಗೆದು ಪೊಟ್ಟಣ ಕಟ್ಟಿಸಿ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದೆ.

ನೇರ ಅವರ ಮನೆಗೇ ಹೋದೆ. ನಿನ್ನೆ ಮೋಸ ಹೋದ ಮಗು ಇಂದು ಶಾಲೆಗೆ ಬಂದೀತು ಎಂಬ ನಂಬಿಕೆ ಇರಲಿಲ್ಲ. ಬರಲಿ ಎನ್ನುವ ಮುಖವೂ ನನಗಿರಲಿಲ್ಲ.

ಜಗಲಿ ಖಾಲಿ ಇತ್ತು. ಅಮ್ಮಣಿಯಕ್ಕ ಅಂಗಳ ಗುಡಿಸುತ್ತಿದ್ದರು.

"ಅದು ಎಂಟೂವರೆಗೇ ಹೋಗಿ ಆಯ್ತಲ್ಲ ಟೀಚರೇ! ಟೀಚರಿಗೆ ನಿನ್ನೆ ಹುಡುಕ್ಲಿಕ್ಕೆ ಪುರುಸೊತ್ತು ಸಿಗ್ಲಿಲ್ಲ, ಪಾಪ, ನಾನು ಬೇಗ ಹೋಗಿ ಹುಡುಕಿ ಕೊಡ್ತೇನೆ ಅಂತ ಹೇಳಿ ಚಾ ಕೂಡ ಕುಡೀಲಿಲ್ಲ."

ನಡೆದೆ, ಆಮೇಲೆ ಓಡಿದೆ. ಐವತ್ತೊಂದು ವರ್ಷದವಳು ಸೀರೆ ಎತ್ತಿ ಹಿಡಿದು ರಸ್ತೆಯಲ್ಲಿ ಓಡುವುದನ್ನು ಜನ ನೋಡಿದರು, ನೋಡಲಿ. ಮಗು ಹುಡುಕುವ ಮೊದಲು ಪೊಟ್ಟಣವನ್ನು ಕಪಾಟಿನಲ್ಲಿ ಇಟ್ಟುಬಿಟ್ಟರೆ ಆಯಿತು, ಹೇಳಿದ್ದು ನಿಜವಾಗಿಬಿಡುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಆಗಲೂ ಅದೇ ಬುದ್ಧಿ.

ಸ್ಟಾಫ್‌ರೂಮಿನ ಕಪಾಟು ಹಾರು ಹೊಡೆದಿತ್ತು. ಹಳೆ ರಿಜಿಸ್ಟರು, ಚಾರ್ಟು, ಚಾಕಿನ ಡಬ್ಬಗಳೆಲ್ಲ ನೆಲದ ಮೇಲೆ ಸಾಲಾಗಿ ಇಟ್ಟಿದ್ದವು. ಮಗು ಕೆಳಗಿನ ಖಾನೆಯೊಳಗೆ ಅರ್ಧ ಮೈ ತೂರಿಸಿತ್ತು, ಹೊರಗೆ ಎರಡು ಕಾಲು ಮಾತ್ರ ಕಾಣುತ್ತಿತ್ತು. ವಿಜೇತಾ ನನ್ನನ್ನು ನೋಡಿ ನಕ್ಕಳು.

"ನೋಡಿ ಟೀಚರ್, ಇದರಲ್ಲಿ ಎಂತದೂ ಇಲ್ಲ ಅಂತ ನಾನು ಎಷ್ಟು ಸಲ ಹೇಳಿದೆ. ಕೇಳುದೇ ಇಲ್ಲ. ದಮಯಂತಿ ಟೀಚರ್ ಸುಳ್ಳು ಹೇಳುದಿಲ್ಲವಂತೆ."

ಪೊಟ್ಟಣ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು.